ರಜೆಯಲ್ಲಿ ಮನೆಯಲ್ಲೇ ಮಾಡುವ ವಿಜ್ಞಾನದ ಪ್ರಯೋಗಗಳು: ನಿಮ್ಮ ಮಕ್ಕಳು ಏನೇನು ಮಾಡಿದರು?

ಪುಟ್ಟಿ ಅಮ್ಮ (ಬೆಂಗಳೂರು)

ಎಲ್ಲರಿಗೂ ನಮಸ್ಕಾರ. ರಜೆ ಶುರುವಾಗಿ ಐದು ದಿನ ಆಯ್ತು. ಮಗಳಿಗೆ ಒಂಬತ್ತು ವರ್ಷ, ಮಗನಿಗೆ ಆರು. ಹೋದ ವಾರ 1,200 ರೂಪಾಯಿ ಕೊಟ್ಟು ಒಂದು ಸೈನ್ಸ್ ಕಿಟ್ ತರಿಸಿದೆ. ದೊಡ್ಡ ಪೆಟ್ಟಿಗೆ, ಒಳಗೆ ಸಣ್ಣ ಸಣ್ಣ ಪೊಟ್ಟಣ. ಮೊದಲನೆಯದನ್ನು ಎರಡನೆಯದಕ್ಕೆ ಹಾಕಿ ಅಂತ ಒಂದು ಚೀಟಿ. ಬಣ್ಣ ಬಂತು, ನೊರೆ ಬಂತು, ಮಕ್ಕಳು ಕುಣಿದರು. ಒಂದೇ ಮಧ್ಯಾಹ್ನಕ್ಕೆ ಎಲ್ಲ ಖಾಲಿ. ಆಮೇಲೆ ಮಗಳು, "ಅಮ್ಮಾ, ಪೊಟ್ಟಣದಲ್ಲಿ ಇದ್ದಿದ್ದು ಏನು?" ಅಂದಳು. ಚೀಟಿಯಲ್ಲಿ ಅದನ್ನು ಬರೆದೇ ಇರಲಿಲ್ಲ. ನನಗೆ ತುಂಬಾ ಬೇಜಾರಾಯ್ತು.

ಆದರೆ ಮೊನ್ನೆ ಒಂದು ಘಟನೆ ಆಯ್ತು. ಮಗಳ ಬಿಳಿ ಫ್ರಾಕಿಗೆ ಸಾರು ಚೆಲ್ಲಿತ್ತು. ಬಚ್ಚಲಲ್ಲಿ ಬಟ್ಟೆ ಸೋಪು ತಿಕ್ಕಿದ ಕೂಡಲೇ ಹಳದಿ ಕಲೆ ಕೆಂಪಗಾಯ್ತು. ಮಗಳು ಹೆದರಿ ಕೈ ನೋಡಿಕೊಂಡಳು, ಎಲ್ಲಿ ಗಾಯ ಆಗಿದೆ ಅಂತ. ನಾನು ಚಿಕ್ಕಂದಿನಿಂದ ನೋಡಿರೋದೇ, ಯಾಕೆ ಅಂತ ಒಂದು ದಿನವೂ ಯೋಚಿಸಿರಲಿಲ್ಲ. ಅವತ್ತು ಸಂಜೆಯೆಲ್ಲ ಇಬ್ಬರೂ ಬಚ್ಚಲಲ್ಲೇ. ಸೋಪು ಹಾಕು, ತೊಳಿ, ಮತ್ತೆ ಹಾಕು.

ಇಂಥವು ಬೇಕು ನನಗೆ. ಅಡುಗೆಮನೆ ಸಾಮಾನಿನಲ್ಲೇ ಆಗಬೇಕು. ನಿಮ್ಮ ಮನೆಯಲ್ಲಿ ಮಾಡಿ ನೋಡಿದ್ದನ್ನೇ ದಯವಿಟ್ಟು ಬರೆಯಿರಿ.

ನಿವೃತ್ತ ಮೇಷ್ಟ್ರು (ತುಮಕೂರು)

ನಿಮ್ಮ ಮಗಳಿಗೆ ಒಳ್ಳೆಯ ಪ್ರಯೋಗ ತಾನಾಗಿಯೇ ಸಿಕ್ಕಿದೆ ಅಮ್ಮ. ಅದನ್ನೇ ಮುಂದುವರಿಸಿ.

ಅರಿಶಿನದಲ್ಲಿ ಕರ್ಕ್ಯುಮಿನ್ ಅನ್ನೋ ಬಣ್ಣ ಇದೆ. ಸೋಪು, ಸುಣ್ಣ, ಅಡುಗೆ ಸೋಡಾದಂಥವು ತಾಗಿದರೆ ಕೆಂಪಾಗುತ್ತೆ. ನಿಂಬೆರಸ ಹಿಂಡಿದರೆ ಮತ್ತೆ ಹಳದಿ. ಆರತಿ ತಟ್ಟೆಯ ಓಕುಳಿ ನೀರು ನೆನಪಿಸಿಕೊಳ್ಳಿ. ಅರಿಶಿನದ ನೀರಿಗೆ ಚೂರು ಸುಣ್ಣ ಹಾಕಿದರೆ ಕೆಂಪು. ನಮ್ಮ ಅಜ್ಜಿಯಂದಿರು ಪ್ರತಿ ಹಬ್ಬಕ್ಕೂ ಮಾಡುತ್ತಿದ್ದ ಕೆಲಸ ಅದು.

ಒಂದು ಚಮಚ ಅರಿಶಿನವನ್ನು ಸ್ವಲ್ಪ ನೀರಿನಲ್ಲಿ ಕಲಸಿ, ದಪ್ಪ ಟಿಶ್ಯೂ ಕಾಗದಕ್ಕೆ ಬಳಿದು, ನೆರಳಲ್ಲಿ ಒಣಗಿಸಿ. ಬೆರಳಗಲದ ಪಟ್ಟಿ ಕತ್ತರಿಸಿಕೊಳ್ಳಿ. ಆಮೇಲೆ ಮಜ್ಜಿಗೆ, ಹುಣಸೆ ನೀರು, ಪಾತ್ರೆ ಸೋಪು, ಸೀಗೆಕಾಯಿ ನೀರು, ಹಲ್ಲುಜ್ಜುವ ಪೇಸ್ಟು, ಬೋರ್‌ವೆಲ್ ನೀರು, ಹೀಗೆ ಸಿಕ್ಕಿದ್ದರಲ್ಲೆಲ್ಲ ಅದ್ದಲಿ. ಆದರೆ ಅದ್ದುವ ಮೊದಲು, ಏನಾಗಬಹುದು ಅಂತ ಒಂದು ಪುಸ್ತಕದಲ್ಲಿ ಬರೆಯಬೇಕು. ಇದನ್ನು ಬಿಡಬೇಡಿ. ಬರೆಯದೆ ಅದ್ದಿದರೆ ಬಣ್ಣದಾಟ ಅಷ್ಟೇ. ಬರೆದು ಅದ್ದಿದ ಮಗು, ಊಹೆ ತಪ್ಪಾದಾಗ ತಾನೇ ಯಾಕೆ ಅಂತ ಕೇಳುತ್ತೆ.

ಒಂದು ತೊಡಕು ಬರುತ್ತೆ, ಬರಲಿ. ಮಜ್ಜಿಗೆಯಲ್ಲೂ ಪಟ್ಟಿ ಹಳದಿ, ಸುಮ್ನೆ ನೀರಿನಲ್ಲೂ ಹಳದಿ. ಅರಿಶಿನಕ್ಕೆ ಹುಳಿ ಗೊತ್ತಾಗಲ್ಲ. ಅದನ್ನು ಮಕ್ಕಳೇ ಕಂಡುಹಿಡಿಯಲಿ. ಆಗ ದಾಸವಾಳ ತನ್ನಿ. ನಾಲ್ಕೈದು ಕೆಂಪು ದಾಸವಾಳದ ಎಸಳಿಗೆ ಬಿಸಿನೀರು ಹಾಕಿ ಹತ್ತು ನಿಮಿಷ ಬಿಡಿ. ಆ ನೀರಿಗೆ ನಿಂಬೆರಸ ಹಾಕಿದರೆ ಗಾಢ ಗುಲಾಬಿ, ಸೋಡಾ ಹಾಕಿದರೆ ಹಸಿರು. ಶಂಖಪುಷ್ಪ ಇದ್ದರೆ ಅದರ ನೀಲಿ ನೀರು ನಿಂಬೆಗೆ ನೇರಳೆಯಾಗುತ್ತೆ.

ಆಮ್ಲ, ಪ್ರತ್ಯಾಮ್ಲ ಅನ್ನೋ ಪದ ಮೊದಲ ದಿನವೇ ಹೇಳಬೇಡಿ. ಹುಳಿ ಗುಂಪು, ಸೋಪಿನ ಗುಂಪು ಅಂದರೆ ಸಾಕು.

ವಾರ್ಡ್ ಅಕ್ಕ (ಹಾಸನ)

ಮೇಷ್ಟ್ರೇ, ನಿಮ್ಮ ಮಾತಿಗೆ ಒಂದು ಎಚ್ಚರಿಕೆ ಸೇರಿಸುತ್ತೇನೆ, ತಪ್ಪು ತಿಳಿಯಬೇಡಿ. ನಾನು ಕಣ್ಣಿನ ವಾರ್ಡಿನಲ್ಲಿ ನರ್ಸ್. ಎಲೆ ಅಡಿಕೆಯ ಸುಣ್ಣದ ಪುಟ್ಟ ಪ್ಯಾಕೆಟ್ ಇರುತ್ತಲ್ಲ, ಅದನ್ನು ಮಕ್ಕಳು ಹಿಸುಕಿ ಆಡುತ್ತಾರೆ. ಪಟ್ ಅಂತ ಒಡೆದು ಸುಣ್ಣ ಕಣ್ಣಿಗೆ ಸಿಡಿಯುತ್ತೆ. ಸುಣ್ಣ ಕಣ್ಣನ್ನು ಸುಡುತ್ತೆ, ದೃಷ್ಟಿಯೇ ಹೋಗಬಹುದು. ಅಂಥ ಮಕ್ಕಳನ್ನು ನಾನು ನೋಡಿದ್ದೇನೆ.

ಹಾಗಾಗಿ ಸುಣ್ಣ ಬೇಕಾದರೆ ದೊಡ್ಡವರೇ ಕಡ್ಡಿಯಲ್ಲಿ ಸಾಸಿವೆ ಕಾಳಿನಷ್ಟು ತೆಗೆದು ನೀರಿಗೆ ಹಾಕಿ. ಪ್ಯಾಕೆಟ್ ಮಕ್ಕಳ ಕೈಗೆ ಸಿಗಬಾರದು. ಅಡುಗೆ ಸೋಡಾದಲ್ಲೇ ಕೆಲಸ ಆಗುವಾಗ ಸುಣ್ಣ ಬೇಡವೇ ಬೇಡ ಅನ್ನುವುದು ನನ್ನ ಅಭಿಪ್ರಾಯ. ಅಕಸ್ಮಾತ್ ಕಣ್ಣಿಗೆ ಬಿದ್ದರೆ ಉಜ್ಜಬಾರದು. ತಕ್ಷಣ ನಲ್ಲಿ ನೀರಿನಲ್ಲಿ ಕಡೇಪಕ್ಷ 20 ನಿಮಿಷ ತೊಳೆದು ಆಸ್ಪತ್ರೆಗೆ ಓಡಿ. ಆಸ್ಪತ್ರೆಯಲ್ಲಿ ತೊಳೆಯುತ್ತಾರೆ ಅಂತ ಕಾಯಬೇಡಿ.

ಇನ್ನೊಂದು. ಬ್ಲೀಚಿಂಗ್ ಪೌಡರ್ ಮತ್ತು ಟಾಯ್ಲೆಟ್ ತೊಳೆಯುವ ಆಸಿಡ್ ಎರಡನ್ನೂ ಯಾವತ್ತೂ ಬೆರೆಸಬೇಡಿ. ಕ್ಲೋರಿನ್ ಅನ್ನೋ ವಿಷದ ಗಾಳಿ ಬರುತ್ತೆ. ಬಚ್ಚಲ ಸಾಮಾನು ಪ್ರಯೋಗಕ್ಕೆ ಬೇಡ, ಅಡುಗೆಮನೆಯದ್ದೇ ಸಾಕು.

ನಿವೃತ್ತ ಮೇಷ್ಟ್ರು (ತುಮಕೂರು)

ತಪ್ಪು ತಿಳಿಯುವ ಮಾತೇ ಇಲ್ಲ ತಾಯಿ. ಇದನ್ನು ನಾನೇ ಮೊದಲು ಹೇಳಬೇಕಿತ್ತು. ಸುಣ್ಣ ಬಿಡಿ, ಸೋಡಾ ಬಳಸಿ. ಬಣ್ಣ ಅಷ್ಟು ಗಾಢ ಬರಲ್ಲ, ಆದರೆ ಕಾಣಿಸುತ್ತೆ.

ಹುಬ್ಬಳ್ಳಿ ಅಜ್ಜಿ

ತಂಗಿ, ನಮ್ಮ ಮನೆ ಪ್ರಯೋಗ ಇಡ್ಲಿ ಹಿಟ್ಟಿಂದು. ಮೊಮ್ಮಗ ನಾಲ್ಕನೇ ಕ್ಲಾಸು. "ಅಜ್ಜಿ, ಹಿಟ್ಟು ರಾತ್ರಿ ಹೆಂಗ ದೊಡ್ಡದಾಗತದ?" ಅಂತ ಕೇಳಿದ. ಮೂರು ಗಾಜಿನ ಬಾಟಲಿ ತೊಳೆದು ಕೊಟ್ಟೆ. ಮೂರರಲ್ಲೂ ಅರ್ಧದವರೆಗೆ ಹಿಟ್ಟು ಹಾಕಿ, ಹಿಟ್ಟಿನ ಮಟ್ಟಕ್ಕೆ ಸರಿಯಾಗಿ ರಬ್ಬರ್ ಬ್ಯಾಂಡ್ ಹಾಕಿದ. ಒಂದು ಫ್ರಿಜ್ಜಿನಲ್ಲಿ, ಒಂದು ಕಟ್ಟೆ ಮೇಲೆ, ಒಂದು ಒಲೆ ಪಕ್ಕ. ಮುಚ್ಚಳ ಬಿಗಿ ಮಾಡಬಾರದು, ಸುಮ್ನೆ ಮೇಲೆ ಇಡಬೇಕು. ಒಳಗೆ ಗಾಳಿ ತುಂಬಿ ಬಾಟಲಿ ಒಡೆಯಬಹುದು.

ಮಲಗುವ ತನಕ ತಾಸಿಗೊಮ್ಮೆ ಓಡಿ ಬಂದು ನೋಡಿದ. ಬೆಳಗ್ಗೆ ಎದ್ದಾಗ ಒಲೆ ಪಕ್ಕದ್ದು ಬಾಟಲಿ ಬಾಯಿಗೆ ಬಂದಿತ್ತು. ಗಾಜಿನ ಹೊರಗಿನಿಂದ ನೋಡಿದರೆ ಒಳಗೆ ಸಣ್ಣ ಸಣ್ಣ ಗುಳ್ಳೆ, ಒಂದರ ಪಕ್ಕ ಒಂದು, ಜೇನುಗೂಡಿನ ಹಾಗೆ. ಫ್ರಿಜ್ಜಿನದ್ದು ರಬ್ಬರ್ ಬ್ಯಾಂಡಿನ ಹತ್ತಿರವೇ ಇತ್ತು. "ಇದು ಸತ್ತು ಹೋಗ್ಯದ" ಅಂದ. ಹೌದೋ ಅಲ್ಲೋ ನೀನೇ ನೋಡು ಅಂತ ಅದನ್ನೂ ಹೊರಗೆ ಇಡಿಸಿದೆ. ಸಂಜೆಗೆ ಅದೂ ಏರಿತು. ಆಗ ಅವನು, "ಸತ್ತಿರಲಿಲ್ಲ ಅಜ್ಜಿ, ಮಲಗಿತ್ತು" ಅಂದ. ನನಗೆ ಭಾಳ ಖುಷಿ ಆತು. ಮೂರೂ ಬಾಟಲಿ ಹಿಟ್ಟಿನ ಇಡ್ಲಿ ಬೇರೆ ಬೇರೆ ಬೇಯಿಸಿ ತಿಂದು ನೋಡಿದೆವು.

ನಿವೃತ್ತ ಮೇಷ್ಟ್ರು (ತುಮಕೂರು)

ಅಜ್ಜಿಯವರೇ, ನಿಮ್ಮ ಮೊಮ್ಮಗ ಹೇಳಿದ್ದು ಅಕ್ಷರಶಃ ಸರಿ. ಹಿಟ್ಟನ್ನು ಉಬ್ಬಿಸುವುದು ಬ್ಯಾಕ್ಟೀರಿಯಾ. ಅವು ಉದ್ದಿನಬೇಳೆ, ಅಕ್ಕಿಯ ಮೇಲೆ ಮೊದಲೇ ಇರುತ್ತವೆ. ಅವುಗಳಲ್ಲಿ ಮುಖ್ಯವಾದದ್ದು ಲ್ಯೂಕೋನಾಸ್ಟಾಕ್. ಇವು ಕಾರ್ಬನ್ ಡೈಆಕ್ಸೈಡ್ ಬಿಡುತ್ತವೆ, ಉದ್ದಿನ ಅಂಟು ಆ ಗುಳ್ಳೆಗಳನ್ನು ಹಿಡಿದಿಡುತ್ತೆ. ಚಳಿಯಲ್ಲಿ ಸಾಯಲ್ಲ, ಕೆಲಸ ನಿಧಾನ ಮಾಡುತ್ತವೆ. ಮುಂದಿನ ಸಲ ಒಂದು ಬಾಟಲಿಗೆ ಬರೀ ಅಕ್ಕಿ ಹಿಟ್ಟು ರುಬ್ಬಿ ಹಾಕಿ ನೋಡಲಿ. ಏನಾಗುತ್ತೆ ಅಂತ ನಾನು ಹೇಳಲ್ಲ.

ಎರಡು ಮಕ್ಕಳ ಅಪ್ಪ (ಮೈಸೂರು)

ನಾವು ಮಾಡಿದ್ದು ಮೇಣದಬತ್ತಿ ಪ್ರಯೋಗ. ತಟ್ಟೆಯಲ್ಲಿ ಬಣ್ಣದ ನೀರು, ಮಧ್ಯೆ ಉರಿಯುವ ಮೇಣದಬತ್ತಿ, ಮೇಲೆ ಗಾಜಿನ ಲೋಟ ಬೋರಲು. ಬತ್ತಿ ಆರಿ ನೀರು ಲೋಟದೊಳಗೆ ಏರುತ್ತೆ. ಗಾಳಿಯಲ್ಲಿ ಐದನೇ ಒಂದು ಭಾಗ ಆಮ್ಲಜನಕ, ಅದು ಖರ್ಚಾದ ಜಾಗಕ್ಕೆ ನೀರು ಬಂತು ಅಂತ ವಿವರಿಸಿದೆ. ಮಕ್ಕಳಿಗೆ ಚೆನ್ನಾಗಿ ಅರ್ಥ ಆಯ್ತು.

ನಿವೃತ್ತ ಮೇಷ್ಟ್ರು (ತುಮಕೂರು)

ಪ್ರಯೋಗ ಒಳ್ಳೆಯದು, ವಿವರಣೆ ಸರಿಯಲ್ಲ. ಇದೇ ವಿವರಣೆಯನ್ನು ನಾನೂ ಎಷ್ಟೋ ವರ್ಷ ಪಾಠ ಮಾಡಿದ್ದೇನೆ. ಈಗಲೂ ಆ ಮಕ್ಕಳ ಬಗ್ಗೆ ಯೋಚನೆ ಬರುತ್ತೆ. ಅದಕ್ಕೇ ಇಲ್ಲಿ ಉದ್ದವಾಗಿ ಬರೆಯುತ್ತೇನೆ.

ಆಮ್ಲಜನಕ ಖರ್ಚಾಗುವುದು ಕಾರಣವಾಗಿದ್ದರೆ ಬತ್ತಿ ಉರಿಯುತ್ತಿರುವಾಗಲೇ ನೀರು ಒಂದೇ ಸಮನೆ ಏರಬೇಕು, ಅಲ್ವಾ? ಹಾಗೆ ಆಗಲ್ಲ. ಹೆಚ್ಚಿನ ಏರಿಕೆ ಬತ್ತಿ ಆರಿದ ಮೇಲೆ, ಸರ್ರನೆ. ಜೊತೆಗೆ ಆಮ್ಲಜನಕ ಪೂರ್ತಿ ಮುಗಿಯುವ ಎಷ್ಟೋ ಮೊದಲೇ ಬತ್ತಿ ಆರಿಹೋಗುತ್ತೆ. ಉರಿದ ಮೇಲೆ ಕಾರ್ಬನ್ ಡೈಆಕ್ಸೈಡ್ ಬೇರೆ ಹುಟ್ಟಿ ಜಾಗ ತುಂಬುತ್ತೆ.

ಮುಖ್ಯ ಕಾರಣ ಬಿಸಿ. ಲೋಟ ಮುಚ್ಚುವಾಗ ಒಳಗಿನ ಗಾಳಿ ಬಿಸಿಯಾಗಿ ಹಿಗ್ಗಿರುತ್ತೆ. ಬತ್ತಿ ಆರಿದ ಮೇಲೆ ತಣ್ಣಗಾಗಿ ಕುಗ್ಗುತ್ತೆ. ಹೊರಗಿನ ಗಾಳಿಯ ಒತ್ತಡ ನೀರನ್ನು ಒಳಗೆ ತಳ್ಳುತ್ತೆ.

ನನ್ನ ಮಾತು ನಂಬಬೇಡಿ. ಅದೇ ಲೋಟ, ಒಂದು ಬತ್ತಿ. ಆಮೇಲೆ ಅದೇ ಲೋಟ, ಮೂರು ಬತ್ತಿ. ಲೋಟದೊಳಗಿನ ಆಮ್ಲಜನಕ ಎರಡು ಸಲವೂ ಅಷ್ಟೇ. ನೀರು ಎಲ್ಲಿಯವರೆಗೆ ಬಂತು ಅಂತ ಮಕ್ಕಳೇ ಸ್ಕೆಚ್ ಪೆನ್ನಿನಲ್ಲಿ ಗೆರೆ ಎಳೆಯಲಿ.

ಎರಡು ಮಕ್ಕಳ ಅಪ್ಪ (ಮೈಸೂರು)

ಮೇಷ್ಟ್ರೇ, ಇವತ್ತು ಸಂಜೆ ಮಾಡಿದೆವು. ಮೂರು ಬತ್ತಿಗೆ ನೀರು ಒಂದು ಬತ್ತಿಯದಕ್ಕಿಂತ ಹೆಚ್ಚುಕಡಿಮೆ ಎರಡರಷ್ಟು ಮೇಲೆ ಬಂತು. ಪ್ರತಿ ಸಲ ಮೂರು ಮೂರು ಬಾರಿ ಮಾಡಿದೆವು. ದೊಡ್ಡವನು ನಾನು ಗಮನಿಸದ ಒಂದು ವಿಷಯ ಹೇಳಿದ. ಲೋಟ ಮುಚ್ಚಿದ ಕೂಡಲೇ ಅದರ ಅಂಚಿನಿಂದ ಗುಳ್ಳೆಗಳು ಹೊರಗೆ ಬಂದವಂತೆ. ಬಿಸಿ ಗಾಳಿ ಹೊರಗೆ ಓಡಿಹೋಗ್ತಿದೆ ಅಂತ ಅವನೇ ಅಂದ. ಮೊದಲು ನಾನು ಹೇಳಿದ್ದು ತಪ್ಪು ಅಂತ ಇಬ್ಬರಿಗೂ ಹೇಳಿದೆ. ಚಿಕ್ಕವಳು, "ಹಾಗಾದ್ರೆ ಲೋಟವನ್ನ ಬಿಸಿನೀರಲ್ಲಿ ತೊಳೆದು ಮುಚ್ಚಿದ್ರೆ, ಬತ್ತಿ ಇಲ್ಲದೇನೂ ನೀರು ಏರಬೇಕಲ್ವಾ?" ಅಂದಳು. ಮಾಡಿದೆವು. ಏರಿತು! ಸ್ವಲ್ಪವೇ, ಆದರೂ ಏರಿತು.

ನಿವೃತ್ತ ಮೇಷ್ಟ್ರು (ತುಮಕೂರು)

ಆ ಮಗುವಿಗೆ ನನ್ನ ಆಶೀರ್ವಾದ ತಿಳಿಸಿ. ಆ ಪ್ರಶ್ನೆ ನನಗೆ ಹೊಳೆದಿರಲಿಲ್ಲ.

ಕಲಬುರಗಿ ಬಿಸಿಲು

ನಮ್ಮಲ್ಲಿ ಈಗ ಮಾಡಬೇಕಾದದ್ದು ಒದ್ದೆ ಬಟ್ಟೆ ಪ್ರಯೋಗ ರೀ. ಎರಡು ಒಂದೇ ಥರದ ಸ್ಟೀಲ್ ಬಾಟಲಿ, ಎರಡರಲ್ಲೂ ಅಷ್ಟೇ ನೀರು. ಒಂದಕ್ಕೆ ಹಳೆ ಬನಿಯನ್ ಬಟ್ಟೆ ಸುತ್ತಿ ಒದ್ದೆ ಮಾಡಿದೆವು. ಎರಡನ್ನೂ ನೆರಳಿನಲ್ಲಿ, ಗಾಳಿ ಬೀಸುವ ಕಿಟಕಿಯಲ್ಲಿ ಇಟ್ಟೆವು. ಬಟ್ಟೆ ಒಣಗಿದ ಹಾಗೆ ಮಗಳು ನೀರು ಚಿಮುಕಿಸುತ್ತಾ ಕೂತಳು. ಎರಡು ತಾಸಾದ ಮೇಲೆ ಬರೀ ಬಾಟಲಿ ನೀರು 37 ಡಿಗ್ರಿ, ಒದ್ದೆ ಬಟ್ಟೆದು 26. ಹನ್ನೊಂದು ಡಿಗ್ರಿ ಫರಕು! ಮಡಕೆ ನೀರು ಯಾಕೆ ತಣ್ಣಗಿರತದ ಅಂತ ಈಗ ಅವಳೇ ನಮ್ಮ ಅವ್ವನಿಗೆ ಹೇಳುತ್ತಾಳೆ. ಥರ್ಮಾಮೀಟರ್ ಡಿಜಿಟಲ್‌ದು, ಅಡುಗೆಗೆ ಬಳಸೋದು. ಪಾದರಸದ್ದು ಮಕ್ಕಳ ಕೈಗೆ ಕೊಡಬಾರದು.

ಕಡಲ ಬದಿ (ಮಂಗಳೂರು)

ನಿಮ್ಮದು ಓದಿ ನಾವೂ ಮಾಡಿದೆವು ಮಾರಾಯ್ರೆ. ಅದೇ ಥರ ಬಾಟಲಿ, ಅದೇ ಬನಿಯನ್ ಬಟ್ಟೆ. ಬರೀ ಬಾಟಲಿ 32, ಒದ್ದೆ ಬಟ್ಟೆದು 29. ಮೂರೇ ಡಿಗ್ರಿ. ನನ್ನ ಮಗ ಸಪ್ಪೆ ಮುಖ ಮಾಡಿ, "ನಮ್ಮದು ತಪ್ಪಾಯ್ತು" ಅಂದ. ಎಲ್ಲಿ ತಪ್ಪಿದ್ದೇವೆ?

ಕಲಬುರಗಿ ಬಿಸಿಲು

ತಪ್ಪೇನೂ ಇಲ್ಲ ಅಕ್ಕಾರ. ನಿಮ್ಮಲ್ಲಿ ತೊಳೆದ ಬಟ್ಟೆ ಒಣಗಲಿಕ್ಕೆ ಎಷ್ಟು ಹೊತ್ತು ಬೇಕು? ನಮ್ಮಲ್ಲಿ ಲುಂಗಿ ಹಾಕಿದರೆ ಅರ್ಧ ತಾಸಿನೊಳಗೆ ಗರಿ ಗರಿ.

ಕಡಲ ಬದಿ (ಮಂಗಳೂರು)

ಓಹ್! ನಮ್ಮಲ್ಲಿ ದಪ್ಪ ಟವೆಲ್ ಬೆಳಗ್ಗೆ ಹಾಕಿದರೆ ಸಂಜೆಗೂ ಹಸಿ ಹಸಿ. ಇದನ್ನೇ ಮಗನಿಗೆ ಹೇಳಿದೆ. ಸ್ವಲ್ಪ ಯೋಚಿಸಿ, "ಇಲ್ಲಿ ಗಾಳಿಯಲ್ಲಿ ಮೊದಲೇ ನೀರು ತುಂಬಿದೆ, ಜಾಗ ಇಲ್ಲ" ಅಂದ.

ನಿವೃತ್ತ ಮೇಷ್ಟ್ರು (ತುಮಕೂರು)

ನೀರು ಆವಿಯಾಗುವಾಗ ಬಾಟಲಿಯ ಬಿಸಿಯನ್ನು ಎಳೆದುಕೊಂಡು ಹೋಗುತ್ತೆ. ಗಾಳಿಯಲ್ಲಿ ತೇವ ಜಾಸ್ತಿ ಇದ್ದರೆ ಆವಿಯಾಗುವುದು ನಿಧಾನ, ತಂಪೂ ಕಡಿಮೆ. ಕಲಬುರಗಿಯಲ್ಲಿ ಕೂಲರ್ ಚೆನ್ನಾಗಿ ಕೆಲಸ ಮಾಡಿ ಮಂಗಳೂರಿನಲ್ಲಿ ಸೋಲುವುದೂ ಇದಕ್ಕೇ. ಮಂಗಳೂರಿನ ಹುಡುಗನ ಮೂರು ಡಿಗ್ರಿ ಇಲ್ಲದಿದ್ದರೆ ಕಲಬುರಗಿಯ ಹನ್ನೊಂದು ಡಿಗ್ರಿಗೆ ಅರ್ಥವೇ ಇರುತ್ತಿರಲಿಲ್ಲ. ಅವನ ಪುಸ್ತಕದಲ್ಲಿ ಎರಡೂ ಊರಿನ ಅಂಕಿ ಪಕ್ಕಪಕ್ಕ ಬರೆಸಿ.

ಪುಟ್ಟಿ ಅಮ್ಮ (ಬೆಂಗಳೂರು)

ಓದಿ ಓದಿ ಖುಷಿಯಾಗ್ತಿದೆ. ಆರು ವರ್ಷದ ಮಗನಿಗೆ ಇವು ಸ್ವಲ್ಪ ದೊಡ್ಡದಾಯ್ತು. ಅವನಿಗೆ ಏನಾದರೂ?

ಹುಬ್ಬಳ್ಳಿ ಅಜ್ಜಿ

ಕಿತ್ತಳೆ ಹಣ್ಣು ನೀರಿಗೆ ಹಾಕಲಿ. ತೇಲುತ್ತೆ. ಸಿಪ್ಪೆ ಸುಲಿದು ಹಾಕಲಿ. ಮುಳುಗುತ್ತೆ. ಸಿಪ್ಪೆ ತೆಗೆದು ಹಗುರ ಆಯ್ತು, ಆದರೂ ಮುಳುಗಿತು ಯಾಕೆ ಅಂತ ಕೇಳು. ಸಿಪ್ಪೆಯನ್ನು ಕೈಯಲ್ಲಿ ಹಿಚುಕಿ ನೋಡಲಿ, ಸ್ಪಂಜಿನ ಹಾಗೆ ಒಳಗೆಲ್ಲ ಗಾಳಿ.

ಎರಡು ಮಕ್ಕಳ ಅಪ್ಪ (ಮೈಸೂರು)

ನಾಲ್ಕು ಗಾಜಿನ ಬಾಟಲಿ, ಬೇರೆ ಬೇರೆ ಮಟ್ಟಕ್ಕೆ ನೀರು. ಚಮಚದಲ್ಲಿ ತಟ್ಟಿದರೆ ನೀರು ಜಾಸ್ತಿ ಇದ್ದದ್ದರ ಸ್ವರ ತಗ್ಗು. ಅದೇ ಬಾಟಲಿಯ ಬಾಯಿಗೆ ಊದಿದರೆ ನೀರು ಜಾಸ್ತಿ ಇದ್ದದ್ದರ ಸ್ವರ ಎತ್ತರ. ಪೂರಾ ಉಲ್ಟಾ! ತಟ್ಟಿದಾಗ ನಡುಗುವುದು ಗಾಜು ಮತ್ತು ನೀರು, ಊದಿದಾಗ ನಡುಗುವುದು ಒಳಗಿನ ಗಾಳಿ. ವಿಜ್ಞಾನಿ ಸಿ.ವಿ. ರಾಮನ್ ಅವರು ಮೃದಂಗ, ತಬಲಾದ ನಾದದ ಮೇಲೂ ಸಂಶೋಧನೆ ಮಾಡಿದ್ದರು ಅಂತ ಮಕ್ಕಳಿಗೆ ಹೇಳಿ.

ಆಟಿಕೆ ಮಾಡುವ ಆಸೆ ಇದ್ದರೆ ಅರವಿಂದ್ ಗುಪ್ತಾ ಅವರ ವೆಬ್‌ಸೈಟ್ ನೋಡಿ. ಬೆಂಕಿಕಡ್ಡಿ, ಸೈಕಲ್ಲಿನ ವಾಲ್ವ್ ಟ್ಯೂಬ್, ಹಳೆ ಪೆನ್ನಿನ ರೀಫಿಲ್‌ನಲ್ಲಿ ಎಷ್ಟೆಲ್ಲ ಮಾಡಬಹುದು ಅಂತ ಉಚಿತವಾಗಿ ಹಾಕಿದ್ದಾರೆ. 2018ರಲ್ಲಿ ಪದ್ಮಶ್ರೀ ಬಂತು ಅವರಿಗೆ.

ನಿವೃತ್ತ ಮೇಷ್ಟ್ರು (ತುಮಕೂರು)

ಬೆಂಗಳೂರಿನವರೆಲ್ಲ ಏಪ್ರಿಲ್ 24ರಂದು ಒಂದು ಕೆಲಸ ಮಾಡಿ. ಮಧ್ಯಾಹ್ನ 12 ಗಂಟೆ 17 ನಿಮಿಷದ ಸುಮಾರಿಗೆ ಸೂರ್ಯ ನೆತ್ತಿಯ ಮೇಲೆ ನೇರವಾಗಿ ಬರುತ್ತಾನೆ. ನೇರ ನಿಂತ ಕೋಲಿಗೆ ಆ ಹೊತ್ತಿನಲ್ಲಿ ನೆರಳಿಲ್ಲ. ಮಂಗಳೂರಿನಲ್ಲೂ ಅದೇ ದಿನ, ಹತ್ತು-ಹನ್ನೆರಡು ನಿಮಿಷ ತಡವಾಗಿ. ಬೇರೆ ಊರಿಗೆ ಬೇರೆ ದಿನ. ಚಾಮರಾಜನಗರಕ್ಕೆ ಏಪ್ರಿಲ್ 21ರ ಹೊತ್ತಿಗೆ, ಹುಬ್ಬಳ್ಳಿಗೆ ಮೇ 2, ಕಲಬುರಗಿಗೆ ಮೇ 9-10, ಬೀದರ್‌ಗೆ ಮೇ 11-12. ಸೂರ್ಯ ನಮ್ಮ ರಾಜ್ಯವನ್ನು ದಕ್ಷಿಣದಿಂದ ಉತ್ತರಕ್ಕೆ ದಾಟಲು ಮೂರು ವಾರ ತೆಗೆದುಕೊಳ್ಳುತ್ತಾನೆ.

ಕೋಲು ನೇರ ಇದೆಯಾ ಅಂತ ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು ನೋಡಿಕೊಳ್ಳಿ. 11:30ರಿಂದ ಹತ್ತು ನಿಮಿಷಕ್ಕೊಮ್ಮೆ ನೆರಳಿನ ತುದಿಗೆ ಸೀಮೆಸುಣ್ಣದ ಗುರುತು ಹಾಕಿ. ಟೋಪಿ ಇರಲಿ. ಸೂರ್ಯನನ್ನು ಮಾತ್ರ ನೇರ ನೋಡಬಾರದು.

ಟೆಕ್ಸಾಸ್ ಕನ್ನಡತಿ

ನಾವಿರೋದು ಡಲ್ಲಾಸ್. ನಮ್ಮಲ್ಲಿ ಯಾವಾಗ ಮೇಷ್ಟ್ರೇ? ಮಗಳು ಬೆಂಗಳೂರಿನ ಅಜ್ಜಿ ಮನೆಯವರ ಜೊತೆ ಸೇರಿ ಮಾಡಬೇಕು ಅಂತಿದ್ದಾಳೆ.

ನಿವೃತ್ತ ಮೇಷ್ಟ್ರು (ತುಮಕೂರು)

ನಿಮ್ಮಲ್ಲಿ ಯಾವತ್ತೂ ಇಲ್ಲಮ್ಮ. ಸೂರ್ಯ ನೆತ್ತಿಗೆ ಬರುವುದು ಕರ್ಕಾಟಕ ಸಂಕ್ರಾಂತಿ ವೃತ್ತದವರೆಗೆ ಮಾತ್ರ. ಡಲ್ಲಾಸ್ ಅದಕ್ಕಿಂತ ಉತ್ತರಕ್ಕಿದೆ. ಆದರೆ ನಿಮ್ಮ ನೆರಳು ನಮಗೆ ಬೇಕು. 24ರಂದು ಅಲ್ಲಿಯ ನೆರಳು ಅತಿ ಚಿಕ್ಕದಾಗುವ ಹೊತ್ತಿಗೆ, ಒಂದು ಮೀಟರ್ ಕೋಲಿನ ನೆರಳು ಅಳೆದು ಕಳಿಸಿ.

ಟೆಕ್ಸಾಸ್ ಕನ್ನಡತಿ

ಅಳೆದೆವು. 36 ಸೆಂಟಿಮೀಟರ್. ಮಗಳು ಕೋಲನ್ನು ಬಿಡದೆ ಒಂದು ಗಂಟೆ ಹಿಡಿದಿದ್ದಳು.

ಪುಟ್ಟಿ ಅಮ್ಮ (ಬೆಂಗಳೂರು)

ನಮ್ಮದು ಸೊನ್ನೆ! ಟೆರೇಸ್ ಮೇಲೆ ಕೋಲು, ಲೋಟ, ಮಗನ ಕ್ರಿಕೆಟ್ ಸ್ಟಂಪು, ಎಲ್ಲ ನಿಲ್ಲಿಸಿದ್ದೆವು. ನೆರಳು ಗುರುತಿನಿಂದ ಗುರುತಿಗೆ ಕುಗ್ಗುತ್ತಾ ಬಂದು ಸ್ಟಂಪಿನ ಬುಡದೊಳಗೆ ಹೋಗಿಬಿಟ್ಟಿತು. ಪಕ್ಕದ ಮನೆಯ ಮಕ್ಕಳೂ ಬಂದಿದ್ದರು.

ನಿವೃತ್ತ ಮೇಷ್ಟ್ರು (ತುಮಕೂರು)

ಈಗ ಇಬ್ಬರೂ ಕಾಗದ ತೆಗೆದುಕೊಳ್ಳಿ. 10 ಸೆಂಟಿಮೀಟರ್ ನೇರ ಗೆರೆ, ಅದು ಕೋಲು. ಅದರ ಬುಡದಲ್ಲಿ 3.6 ಸೆಂಟಿಮೀಟರ್ ಅಡ್ಡ ಗೆರೆ, ಅದು ನೆರಳು. ಎರಡರ ತುದಿ ಸೇರಿಸಿ. ಕೋಲಿನ ತುದಿಯ ಕೋನ ಅಳೆಯಿರಿ. ಸುಮಾರು 20 ಡಿಗ್ರಿ ಬರಬೇಕು. ಭೂಮಿ ಗುಂಡಗಿರುವುದರಿಂದ ಡಲ್ಲಾಸ್ ಬೆಂಗಳೂರಿಗಿಂತ ಅಷ್ಟು ಉತ್ತರಕ್ಕೆ ಬಾಗಿದೆ. ಪೂರ್ತಿ ಸುತ್ತು 360 ಡಿಗ್ರಿ, ಅಂದರೆ 20ರ ಹದಿನೆಂಟು ಪಾಲು. ನಕ್ಷೆಯಲ್ಲಿ ಬರೀ ಉತ್ತರ-ದಕ್ಷಿಣದ ದೂರ ನೋಡಿದರೆ ಸುಮಾರು 2,200 ಕಿಲೋಮೀಟರ್. ಅದನ್ನು ಹದಿನೆಂಟರಿಂದ ಗುಣಿಸಿ.

ಟೆಕ್ಸಾಸ್ ಕನ್ನಡತಿ

39,600. ಭೂಮಿಯ ಸುತ್ತಳತೆ 40,000 ಕಿಲೋಮೀಟರ್ ಅಂತ ಪುಸ್ತಕದಲ್ಲಿದೆ. ಮಗಳು ಮೂರು ಸಲ ಗುಣಿಸಿದಳು. ಈಗ ಕಾಗದ ಫ್ರಿಜ್ ಮೇಲೆ ಅಂಟಿಸಿದ್ದಾಳೆ.

ನಿವೃತ್ತ ಮೇಷ್ಟ್ರು (ತುಮಕೂರು)

2,200 ವರ್ಷಕ್ಕೂ ಹಿಂದೆ ಈಜಿಪ್ಟಿನಲ್ಲಿ ಎರಾಟೊಸ್ಥನೀಸ್ ಇದೇ ರೀತಿ ಲೆಕ್ಕ ಹಾಕಿದ್ದ. ಅವನ ಎರಡು ಊರು ಸೈನೆ ಮತ್ತು ಅಲೆಕ್ಸಾಂಡ್ರಿಯಾ. ನಿಮ್ಮದು ಬೆಂಗಳೂರು ಮತ್ತು ಡಲ್ಲಾಸ್.

ಕಲಬುರಗಿ ಬಿಸಿಲು

ಮೇ 9. ನಮ್ಮ ಮಾಳಿಗೆ ಮೇಲೆ ಇವತ್ತು ನೆರಳು ಮಾಯ ಆತು ರೀ, 12:19ಕ್ಕೆ. ಬೆಂಗಳೂರಿನ ಅಕ್ಕಾರ, ಅದೇ ಹೊತ್ತಿಗೆ ನಿಮ್ಮ ಕೋಲಿನ ನೆರಳು ನೋಡಿದಿರಾ?

ಪುಟ್ಟಿ ಅಮ್ಮ (ಬೆಂಗಳೂರು)

ನೋಡಿದೆವು. ಒಂದು ಮೀಟರ್ ಕೋಲಿಗೆ ಏಳೂವರೆ ಸೆಂಟಿಮೀಟರ್. ಆದರೆ ಅಣ್ಣಾ, ನೆರಳು ದಕ್ಷಿಣಕ್ಕೆ ಬಿದ್ದಿದೆ! ಏಪ್ರಿಲ್‌ನಲ್ಲಿ ಹಾಕಿದ ಸೀಮೆಸುಣ್ಣದ ಗುರುತೆಲ್ಲ ಕೋಲಿನ ಪಶ್ಚಿಮ ಬದಿಯಲ್ಲಿವೆ. ಪುಟ್ಟಿ ಈಗ ಕ್ಯಾಲೆಂಡರಿನಲ್ಲಿ ಆಗಸ್ಟ್ 18ಕ್ಕೆ ಸುತ್ತು ಹಾಕಿದ್ದಾಳೆ. ಆಗ ಸೂರ್ಯ ವಾಪಸ್ ಹೋಗುತ್ತಾ ಮತ್ತೆ ನಮ್ಮ ನೆತ್ತಿ ದಾಟುತ್ತಾನಂತೆ. ಅವತ್ತು ಮೋಡ ಇದ್ದರೆ ಏನು ಮಾಡೋದು ಅಂತ ಈಗಿನಿಂದಲೇ ಯೋಚನೆ ಅವಳಿಗೆ.

ಕಲಬುರಗಿ ಬಿಸಿಲು

ನಮ್ಮದು ಆಗಸ್ಟ್ ಮೊದಲ ವಾರದಲ್ಲಿ ಮೊದಲು ಬರತದ. ನಿಮಗೆ ಮೋಡ ಇದ್ದರೆ ನಮ್ಮದು ನೋಡಿ ಬರೆದುಕೊಳ್ಳಲಿ. ಫೋನಿನಲ್ಲಿ ತೋರಿಸ್ತೀವಿ.